ಅಂಗಳದ ಚಂದ್ರ, ಫೋನಿನ ಚಂದ್ರ



ಈ ಪಾಠ ಶುರುವಾಗುವುದು ಒಂದು ಉತ್ತರ ಪತ್ರಿಕೆಯಿಂದ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ಸಂಜೆ ಆ ಪತ್ರಿಕೆಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಮಗಳು ಎಂಟನೇ ತರಗತಿ. ಅದು ವಿಜ್ಞಾನದ ಪರೀಕ್ಷೆ. ಅಕ್ಕ ಅಕ್ಷರ ಕಲಿತು ಒಂದು ವರ್ಷ ಆಗಿದೆ. ಪತ್ರಿಕೆಯನ್ನು ಅವರೇ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದರು. ಮೊದಲಾಗಿದ್ದರೆ ಅವರಿಗೆ ಕೆಂಪು ಗೆರೆ ಮಾತ್ರ ಕಾಣುತ್ತಿತ್ತು. ಈಗ ಗೆರೆಯ ಪಕ್ಕದ ಮಾತೂ ಕಂಡಿತ್ತು.

ಪ್ರಶ್ನೆ ಹೀಗಿತ್ತು: "ಚಂದ್ರ ದಿನದಿನಕ್ಕೆ ಬೆಳೆದಂತೆ, ಕರಗಿದಂತೆ ಕಾಣುವುದು ಏಕೆ?"

ಹುಡುಗಿ ಬರೆದಿದ್ದಳು: "ಚಂದ್ರನ ಮೇಲೆ ಭೂಮಿಯ ನೆರಳು ಬೀಳುವುದರಿಂದ."

ಟೀಚರ್ ಅದಕ್ಕೆ ತಪ್ಪು ಗುರುತು ಹಾಕಿದ್ದರು.

"ಇದ್ರಲ್ಲಿ ತಪ್ಪೇನೈತೆ? ನಾನೂ ಹಂಗೇ ಅಂದ್ಕೊಂಡಿದ್ದೆ" ಅಂದರು ಅಕ್ಕ.

ಅಲ್ಲಿ ಕೂತಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದೆವು. ಬಹಳ ಜನ ಹಾಗೇ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ, ಈ ಪಾಠ ಬರೆಯುವ ನಮ್ಮಲ್ಲೂ ಕೆಲವರು ಬಹಳ ಕಾಲ ಹಾಗೇ ಅಂದುಕೊಂಡಿದ್ದೆವು.

ಆದರೆ ಅಕ್ಕನ ಚಿಂತೆ ಚಂದ್ರನದು ಮಾತ್ರ ಆಗಿರಲಿಲ್ಲ. ಮನೆಯಲ್ಲಿ ಇರುವುದು ಒಂದೇ ದೊಡ್ಡ ಫೋನು. ಬೆಳಗ್ಗೆ ಅದು ಗಂಡನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಮಗಳು ಆಮೇಲೆ ಅದರಲ್ಲಿ ಪಾಠದ ವಿಡಿಯೋ ನೋಡುತ್ತಿದ್ದಳು. ಚಂದ್ರನ ಪಾಠವನ್ನೂ ಅದರಲ್ಲೇ ನೋಡಿದ್ದಳು. ನೋಡಿಯೂ ಉತ್ತರ ತಪ್ಪಾಯಿತು.

"ನಮ್ಮೋರು ಬೈದ್ರು. ದಿನಾ ಫೋನ್ ಹಿಡ್ಕೊಂಡು ಕಲ್ತಿದ್ದು ಇಷ್ಟೇನಾ ಅಂದ್ರು. ನಾಳೆಯಿಂದ ಫೋನ್ ಮುಟ್ಟಬ್ಯಾಡ ಅಂದ್ರು. ಅಷ್ಟಕ್ಕೆ ಬಿಡಲಿಲ್ಲ. ಹಿಂಗಾದ್ರೆ ಹತ್ತನೇ ತನಕ ಓದ್ಸಿ ಏನು ಉಪಯೋಗ ಅಂದ್ರು. ಮಗ ಅಳ್ತಾ ಮಲಗಿದ್ಲು."

ಅಕ್ಕನಿಗೆ ಒಬ್ಬ ಗಂಡುಮಗನೂ ಇದ್ದಾನೆ. ಅವನು ಫೋನ್ ಹಿಡಿದಾಗ ಏನು ಕಲಿತೆ ಎಂದು ಯಾರೂ ಕೇಳಿರಲಿಲ್ಲ. ಇದನ್ನು ಅಕ್ಕ ಹೇಳಲಿಲ್ಲ. ನಾವು ಕೇಳಿ ತಿಳಿದುಕೊಂಡೆವು.

ಹಾಗಾದರೆ ತಪ್ಪು ಫೋನಿನದೇ? ಹುಡುಗಿಯದೇ? ನೋಡೋಣ ಅಂದೆವು. ಮಗಳನ್ನು, ಪುಸ್ತಕವನ್ನು, ಫೋನನ್ನು ಮಾರನೆಯ ರಾತ್ರಿ ಕೇಂದ್ರಕ್ಕೆ ಕರೆತರಲು ಹೇಳಿದೆವು. ಫೋನ್ ತರಲು ಅಕ್ಕ ಗಂಡನನ್ನು ಕೇಳಬೇಕಾಯಿತು. "ಸಂಘದೋರು ಕರೆದವ್ರೆ" ಅಂದಿದ್ದಕ್ಕೆ ಕೊಟ್ಟರಂತೆ.

ಚುಕ್ಕಿಗಳ ಚೌಕ

ಹುಡುಗಿ ಮೊದಲು ವಿಜ್ಞಾನದ ಪುಸ್ತಕ ತೆರೆದಳು. ಪಾಠದ ಹತ್ತಿರ ಒಂದು ಚೌಕ ಇತ್ತು. ಚೌಕದ ತುಂಬಾ ಕಪ್ಪು ಬಿಳಿ ಚುಕ್ಕಿಗಳು. ನಿಮ್ಮ ಮಕ್ಕಳ ಪುಸ್ತಕದಲ್ಲೂ ಇದನ್ನು ನೋಡಿರಬಹುದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿಯ ಮೇಲೆ ಕೂಡ ಇಂಥದ್ದು ಇರುತ್ತದೆ. ಇದಕ್ಕೆ ಕ್ಯೂಆರ್ ಕೋಡ್ ಎಂದು ಹೆಸರು.

ನಾವು ಚುಕ್ಕಿ ಇಟ್ಟು ರಂಗೋಲಿ ಹಾಕುತ್ತೇವೆ. ನೋಡುವವರಿಗೆ ಅದು ಚುಕ್ಕಿ ಮಾತ್ರ. ಯಾವ ಚುಕ್ಕಿಗೆ ಯಾವ ಚುಕ್ಕಿ ಸೇರಬೇಕು ಎನ್ನುವುದು ನಮಗೆ ಗೊತ್ತು. ಇದೂ ಹಾಗೇ. ಫೋನಿನ ಕ್ಯಾಮೆರಾ ಎಲ್ಲಿ ಕಪ್ಪು, ಎಲ್ಲಿ ಬಿಳಿ ಎಂದು ನೋಡುತ್ತದೆ. ಅದರಲ್ಲಿ ಅಡಗಿರುವ ಗುರುತನ್ನು ಓದುತ್ತದೆ. ಚೌಕದ ಮೂರು ಮೂಲೆಯಲ್ಲಿ ದೊಡ್ಡ ಗುರುತು ಇರುತ್ತದೆ. ಅದನ್ನು ನೋಡಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಫೋನು ತಿಳಿಯುತ್ತದೆ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಓದುತ್ತದೆ. ನಾವು ಹಿಡಿದು ನೋಡಿದೆವು. ಓದಿತು!

ಶಾಲೆಯ ಪುಸ್ತಕದ ಚೌಕ ನಮ್ಮನ್ನು ಕರೆದುಕೊಂಡು ಹೋಗುವುದು 'ದೀಕ್ಷಾ' ಎಂಬ ಕಡೆಗೆ. ಇದು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಕೇಂದ್ರ ಸರ್ಕಾರ ಶುರು ಮಾಡಿದ ಕಲಿಕೆಯ ವ್ಯವಸ್ಥೆ. ಪಾಠಕ್ಕೆ ಸೇರಿದ ವಿಡಿಯೋ, ಚಿತ್ರ, ಪ್ರಶ್ನೆ ಅಲ್ಲಿ ಸಿಗುತ್ತವೆ. ಕನ್ನಡದಲ್ಲೂ ಇವೆ. ಸಿಗ್ನಲ್ ಇರುವ ಕಡೆ ವಿಡಿಯೋವನ್ನು ಒಮ್ಮೆ ಫೋನಿಗೆ ಇಳಿಸಿಕೊಂಡರೆ, ಸಿಗ್ನಲ್ ಇಲ್ಲದ ಮನೆಯಲ್ಲೂ ನೋಡಬಹುದು.

ಒಂದು ಮಾತು ನೆನಪಿಡಿ. ಅಂಗಡಿಯ ಚೌಕ ಬೇರೆ, ಪುಸ್ತಕದ ಚೌಕ ಬೇರೆ. ಅಂಗಡಿಯದು ದುಡ್ಡು ಕೊಡುವುದಕ್ಕೆ. ಪುಸ್ತಕದ್ದು ಪಾಠ ನೋಡುವುದಕ್ಕೆ. ಪಾಠ ನೋಡಲು ಯಾರೂ ಪಿನ್ ನಂಬರ್ ಕೇಳುವುದಿಲ್ಲ. ಕೇಳಿದರೆ ಅದು ಪಾಠವಲ್ಲ, ಮೋಸ. ಹಾಗೆಯೇ, "ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಬಂದಿದೆ, ಪಿನ್ ಒತ್ತಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ. ಹೋಗುವುದಕ್ಕೆ ಮಾತ್ರ ಬೇಕು.

ಸರಿ, ಚಂದ್ರನ ಕಡೆಗೆ ಬರೋಣ.

ಚಿತ್ರ ಎಲ್ಲಿ ಎಡವಿಸಿತು

ಹುಡುಗಿ ತಾನು ನೋಡಿದ ವಿಡಿಯೋ ಹಾಕಿದಳು. ಒಂದು ಕಡೆ ಸೂರ್ಯ. ನಡುವೆ ದೊಡ್ಡದಾಗಿ ಭೂಮಿ. ಪಕ್ಕದಲ್ಲೇ ಚಂದ್ರ ಗಿರಗಿರ ಸುತ್ತುತ್ತಿದ್ದ. ವಿಡಿಯೋದ ದನಿ ಸರಿಯಾಗಿಯೇ ಹೇಳುತ್ತಿತ್ತು. ನೆರಳಿನ ಮಾತು ಅದರಲ್ಲಿ ಇರಲೇ ಇಲ್ಲ.

"ಮತ್ತೆ ನೆರಳು ಅಂತ ಯಾಕೆ ಬರೆದೆ ಮಗಾ?" ಎಂದು ಕೇಳಿದೆವು.

"ಭೂಮಿ ಅಷ್ಟು ದೊಡ್ಡದು. ಚಂದ್ರ ಅದರ ಪಕ್ಕದಲ್ಲೇ ಐತೆ. ನೆರಳು ಬಿದ್ದೇ ಬೀಳುತ್ತೆ ಅನ್ನಿಸ್ತು" ಅಂದಳು.

ನೋಡಿ, ಹುಡುಗಿ ಯೋಚನೆ ಮಾಡಿದ್ದಾಳೆ. ಬಾಯಿಪಾಠ ಮಾಡಿದವರು ಇಂಥ ತಪ್ಪು ಮಾಡುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿ ಅವಳು ಉತ್ತರ ಬರೆದಿದ್ದಳು. ಎಡವಟ್ಟು ಆಗಿದ್ದು ಚಿತ್ರದ ಅಳತೆಯಲ್ಲಿ.

ನಾವು ಒಂದು ಸುಲಿದ ತೆಂಗಿನಕಾಯಿ ತಂದೆವು. ಒಂದು ಸಣ್ಣ ನಿಂಬೆಹಣ್ಣು ತಂದೆವು. ತೆಂಗಿನಕಾಯಿ ಭೂಮಿ ಆದರೆ ನಿಂಬೆಹಣ್ಣು ಚಂದ್ರ. ಗಾತ್ರದ ಲೆಕ್ಕ ಹೆಚ್ಚೂಕಮ್ಮಿ ಸರಿಯಾಗಿದೆ. ಈಗ ಇವೆರಡರ ನಡುವೆ ಎಷ್ಟು ದೂರ ಇರಬೇಕು?

ಹುಡುಗಿ ಒಂದು ಗೇಣು ದೂರ ಇಟ್ಟಳು. ಅವಳ ಅಮ್ಮ ಒಂದು ಮೊಳ ಅಂದರು. ಇನ್ನೊಬ್ಬರು "ಹೋಗ್ಲಿ, ಎರಡು ಮೊಳ" ಅಂದರು, ಸಂತೆಯಲ್ಲಿ ಚೌಕಾಶಿ ಮಾಡುವ ಹಾಗೆ.

ಲೆಕ್ಕ ಹೀಗಿದೆ. ಭೂಮಿಯ ಅಗಲ ಸುಮಾರು 12,700 ಕಿಲೋಮೀಟರ್. ಚಂದ್ರ ನಮ್ಮಿಂದ ಇರುವ ದೂರ ಸುಮಾರು 3,84,000 ಕಿಲೋಮೀಟರ್. ಅಂದರೆ ನಡುವೆ 30 ಭೂಮಿಗಳನ್ನು ಸಾಲಾಗಿ ಇಡಬಹುದು. 30 ತೆಂಗಿನಕಾಯಿ ಸಾಲಾಗಿ ಇಟ್ಟರೆ ಎಷ್ಟು ಉದ್ದ ಆಗುತ್ತದೆ? ಸುಮಾರು ಎಂಟು ಮೊಳ!

ಕೋಣೆಯ ಈ ಗೋಡೆಯ ಹತ್ತಿರ ತೆಂಗಿನಕಾಯಿ ಇಟ್ಟೆವು. ಎಂಟು ಮೊಳ ಅಳೆದೆವು. ನಿಂಬೆಹಣ್ಣು ಬಾಗಿಲಿನ ಹೊಸ್ತಿಲ ಮೇಲೆ ಹೋಗಿ ಕೂತಿತು. ಹುಡುಗಿ ಬಾಯಿ ಬಿಟ್ಟು ನೋಡಿದಳು. ಅಷ್ಟು ದೂರದ ನಿಂಬೆಹಣ್ಣಿಗೆ ತೆಂಗಿನಕಾಯಿಯ ನೆರಳು ದಿನದಿನ ತಾಗುವುದು ಹೇಗೆ?

ಫೋನಿನ ಗಾಜು ಒಂದು ಗೇಣು. ಪುಸ್ತಕದ ಹಾಳೆಯೂ ಅಷ್ಟೇ. ಅದರೊಳಗೆ ಎಂಟು ಮೊಳ ತುಂಬಿಸಲು ಆಗುವುದಿಲ್ಲ. ಹಾಗಾಗಿ ಚಿತ್ರ ಬರೆಯುವವರು ಚಂದ್ರನನ್ನು ಹತ್ತಿರಕ್ಕೆ ಎಳೆದು ಕೂರಿಸುತ್ತಾರೆ. ಅದು ಮೋಸವಲ್ಲ. ಆದರೆ "ದೂರ ಇಷ್ಟಲ್ಲ" ಎಂದು ಪಕ್ಕದಲ್ಲಿ ಕೂತವರು ಯಾರಾದರೂ ಹೇಳಬೇಕು. ನಮ್ಮ ಹುಡುಗಿಯ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ.

ಅಮ್ಮನಿಗೆ ಗೊತ್ತಿದ್ದದ್ದು

ಇಲ್ಲಿ ಅಕ್ಕ ಒಂದು ಮಾತು ಹೇಳಿದರು. ಅದನ್ನು ಹೇಳಲೆಂದೇ ನಾವು ಈ ಪಾಠ ಬರೆದೆವು ಅಂದರೂ ತಪ್ಪಿಲ್ಲ.

"ನಾನು ಕಳೆ ತೆಗೆಯಕ್ಕೆ ಹೋಗುವಾಗ ಬೆಳಿಗ್ಗೆ ಒಂದೊಂದು ದಿನ ಚಂದ್ರ ನೆತ್ತಿ ಮ್ಯಾಲೆ ಇರ್ತಾನೆ. ಅರ್ಧ ಚಂದ್ರ. ಬೆಳ್ಳಗೆ, ಸುಣ್ಣದ ತುಂಡಿನ ಹಂಗೆ. ಹುಣ್ಣಿಮೆ ಕಳೆದು ಏಳೆಂಟು ದಿನಕ್ಕೆ ಹಂಗೆ ಕಾಣೋದು."

"ಆಗ ಸೂರ್ಯ ಎಲ್ಲಿರ್ತಾನೆ ಅಕ್ಕ?"

"ಮೂಡಣಕ್ಕೆ. ಈಗಿನ್ನೂ ಹುಟ್ಟಿರ್ತಾನೆ."

"ನಿಮ್ಮ ನೆರಳು ಯಾವ ಕಡೆ ಬೀಳುತ್ತೆ?"

"ಪಡುವಣಕ್ಕೆ. ಉದ್ದಕ್ಕೆ ಬೀಳುತ್ತೆ." ಅಷ್ಟು ಹೇಳಿ ಅಕ್ಕ ಸುಮ್ಮನಾದರು. ಆಮೇಲೆ ಮಗಳ ಕಡೆ ತಿರುಗಿದರು. "ಅಲ್ಲ ಕಣೆ, ನನ್ನ ನೆರಳು ಪಡುವಣಕ್ಕೆ ಬಿದ್ರೆ ಭೂಮಿ ನೆರಳೂ ಆ ಕಡೆಗೇ ಬೀಳಬೇಕು. ಸೂರ್ಯಂಗೆ ಎದುರಾಗಿ. ಚಂದ್ರ ಇರೋದು ನೆತ್ತಿ ಮ್ಯಾಲೆ. ನೆರಳು ನೆತ್ತಿಗೆ ಹೆಂಗೆ ಹೋಗುತ್ತೆ? ಆದ್ರೂ ಚಂದ್ರ ಅರ್ಧನೇ ಇರ್ತಾನಲ್ಲ!"

ಹುಡುಗಿ ಅಮ್ಮನ ಮುಖವನ್ನೇ ನೋಡಿದಳು. ಇಡೀ ಉತ್ತರ ಪತ್ರಿಕೆಗೆ ಉತ್ತರ ಅಮ್ಮನ ಹತ್ತಿರ ಇತ್ತು. ಕಳೆ ತೆಗೆಯುವ ಕುಡುಗೋಲಿನ ಜೊತೆ ಇಷ್ಟು ವರ್ಷ ಇತ್ತು. ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದರಿಂದ ಅದು ಉತ್ತರ ಎಂದು ಅಮ್ಮನಿಗೂ ಗೊತ್ತಿರಲಿಲ್ಲ.

ಮಾಡಿ ನೋಡೋಣ

ನೆರಳು ಅಲ್ಲ ಎಂದು ತಿಳಿಯಿತು. ಮತ್ತೆ ಯಾಕೆ ಚಂದ್ರ ಕರಗುತ್ತಾನೆ?

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಸಿಗ್ನಲ್ಲೂ ಹೋಯಿತು. ಎಲ್ಲರೂ "ಅಯ್ಯೋ" ಅಂದರು. ನಾವು "ಒಳ್ಳೆಯದೇ ಆಯಿತು" ಅಂದೆವು. ಈ ಪ್ರಯೋಗಕ್ಕೆ ಕತ್ತಲೆ ಬೇಕು. ಫೋನೂ ಬೇಕು, ಆದರೆ ಅದರ ಟಾರ್ಚ್ ಮಾತ್ರ. ನೀವೂ ಮನೆಯಲ್ಲಿ ಮಾಡಬಹುದು.

ಫೋನನ್ನು ಗೋಡೆಯ ಗೂಡಿನಲ್ಲಿ ಇಡಿ. ನಿಮ್ಮ ತಲೆಯ ಎತ್ತರಕ್ಕೆ ಇರಲಿ. ಟಾರ್ಚ್ ಹಚ್ಚಿ. ಅದೇ ಸೂರ್ಯ. ದೀಪ, ಬುಡ್ಡಿ ಬೇಡ. ಸೆರಗು ತಾಗೀತು. ಫೋನಿನಿಂದ ನಾಲ್ಕೈದು ಹೆಜ್ಜೆ ದೂರ ನಿಂತುಕೊಳ್ಳಿ. ನಿಮ್ಮ ತಲೆಯೇ ಭೂಮಿ. ನಿಂಬೆಹಣ್ಣನ್ನು ಒಂದು ಕಡ್ಡಿಗೆ ಚುಚ್ಚಿ. ಕೈ ನೀಡಿ ಹಿಡಿಯಿರಿ. ತಲೆಗಿಂತ ಸ್ವಲ್ಪ ಮೇಲೆ ಇರಲಿ. ಅದೇ ಚಂದ್ರ.

ಮೊದಲು ಟಾರ್ಚಿನ ಕಡೆ ಮುಖ ಮಾಡಿ. ಹಣ್ಣಿನ ಬೆಳಕು ಬಿದ್ದ ಭಾಗ ಟಾರ್ಚಿನ ಕಡೆ ಇದೆ. ನಿಮಗೆ ಕಾಣುವುದು ಕತ್ತಲ ಭಾಗ. ಇದು ಅಮಾವಾಸ್ಯೆ.

ಹಣ್ಣನ್ನು ಹಾಗೇ ಹಿಡಿದುಕೊಂಡು ನಿಧಾನವಾಗಿ ಎಡಕ್ಕೆ ತಿರುಗಿ. ಹಣ್ಣಿನ ಬಲ ಅಂಚಿನಲ್ಲಿ ಒಂದು ಬೆಳಕಿನ ಗೆರೆ ಕಾಣುತ್ತದೆ. ಅದು ಬಿದಿಗೆ ಚಂದ್ರ. ಇನ್ನೂ ತಿರುಗಿ. ಟಾರ್ಚು ನಿಮ್ಮ ಬಲಗೈ ಕಡೆ ಬಂದಾಗ ಹಣ್ಣು ಅರ್ಧ ಬೆಳಗಿದೆ. ಇದು ಅಷ್ಟಮಿ. ಇನ್ನೂ ತಿರುಗಿ. ಟಾರ್ಚಿಗೆ ಬೆನ್ನು ಮಾಡಿದಾಗ ಹಣ್ಣು ಪೂರ್ತಿ ಬೆಳಗುತ್ತದೆ. ಇದು ಹುಣ್ಣಿಮೆ. ಹಾಗೇ ಎಡಕ್ಕೆ ತಿರುಗುತ್ತಾ ಹೋದರೆ ಬೆಳಕು ಕಡಿಮೆಯಾಗುತ್ತಾ ಬಂದು ಮತ್ತೆ ಅಮಾವಾಸ್ಯೆ.

ಹಣ್ಣು ಬೆಳೆಯಿತೇ? ಇಲ್ಲ. ಕರಗಿತೇ? ಇಲ್ಲ. ಯಾವಾಗಲೂ ಅದರ ಅರ್ಧಕ್ಕೆ ಬೆಳಕು ಬಿದ್ದೇ ಇತ್ತು. ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಎನ್ನುವುದು ಬದಲಾಯಿತು. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನು ನಮ್ಮನ್ನು ಸುತ್ತುತ್ತಾನೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29 ದಿನ ಅರ್ಧ ದಿನ.

ಅಕ್ಕನ ಸರದಿ ಬಂದಾಗ ಅವರು ಹಣ್ಣನ್ನು ಸ್ವಲ್ಪ ಕೆಳಗೆ ಹಿಡಿದರು. ಹುಣ್ಣಿಮೆಯ ಜಾಗಕ್ಕೆ ಬಂದಾಗ ಅವರ ತಲೆಯ ನೆರಳು ಹಣ್ಣಿನ ಮೇಲೆ ಬಿತ್ತು. ಹಣ್ಣು ಕಪ್ಪಾಯಿತು. "ಗ್ರಹಣ!" ಎಂದು ಹುಡುಗಿ ಕೂಗಿದಳು. ಹೌದು. ಭೂಮಿಯ ನೆರಳು ಚಂದ್ರನಿಗೆ ತಾಗುವುದು ಹೀಗೆ. ಹುಣ್ಣಿಮೆಯಲ್ಲಿ ಮಾತ್ರ. ಅದೂ ಎಲ್ಲ ಹುಣ್ಣಿಮೆಯಲ್ಲಿ ಅಲ್ಲ. ಚಂದ್ರನ ದಾರಿ ಸ್ವಲ್ಪ ಓರೆ ಇದೆ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ದಾಟಿ ಹೋಗುತ್ತಾನೆ. ಹುಡುಗಿ ಬರೆದ ಉತ್ತರ ಗ್ರಹಣದ ಪ್ರಶ್ನೆಗೆ ಸರಿಯಾಗುತ್ತಿತ್ತು!

ಪ್ರಯೋಗ ಮುಗಿಯುವ ಹೊತ್ತಿಗೆ ಕರೆಂಟು ಬಂತು. ಹುಡುಗಿ ವಿಡಿಯೋವನ್ನು ಇನ್ನೊಮ್ಮೆ ಹಾಕಿದಳು. ಈ ಸಲ ಅದು ಬೇರೆಯಾಗಿ ಕಂಡಿತು. ವಿಡಿಯೋ ಅದೇ. ನೋಡುವ ಕಣ್ಣು ಬದಲಾಗಿತ್ತು.

ಹಳೆಯ ಕಥೆ ಒಂದಿಷ್ಟು

ಶಾಲೆಗೆ ಇಂಥ ಯಂತ್ರ ಬಂದದ್ದು ಇವತ್ತು ನಿನ್ನೆ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಕಡೆಯ ಹಳ್ಳಿಗಳೂ ಅದರಲ್ಲಿ ಇದ್ದವು. ಬೆಳಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ. ಸಂಜೆ ಊರಿನವರಿಗೆಲ್ಲ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ವಾಪಸ್ ಕೊಡಬೇಕಾಯಿತು. ಪ್ರಯೋಗ ಮುಗಿಯಿತು.

ಆಮೇಲೆ 2004ರ ಸೆಪ್ಟೆಂಬರ್ 20ರಂದು ನಮ್ಮ ಇಸ್ರೋ ಸಂಸ್ಥೆ 'ಎಜುಸ್ಯಾಟ್' ಎಂಬ ಉಪಗ್ರಹ ಹಾರಿಸಿತು. ಅದು ಪಾಠಕ್ಕೆಂದೇ ಇದ್ದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಕನ್ನಡ ಪಾಠ ಬರುತ್ತಿತ್ತು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಟಿವಿ ಇದ್ದ ಮನೆಯ ಮಕ್ಕಳು ನೋಡಿದರು. ಫೋನ್ ಇದ್ದ ಮನೆಯ ಮಕ್ಕಳು ಫೋನಿನಲ್ಲಿ ಕಲಿತರು. ಒಂದೇ ಫೋನ್ ಇದ್ದ ಮನೆಯಲ್ಲಿ ಅದು ಯಾರ ಕೈಗೆ ಹೋಯಿತು? ನಿಮಗೇ ಗೊತ್ತು. ನಮ್ಮ ಕೇಂದ್ರಕ್ಕೆ ಬರುವ ಎಷ್ಟೋ ಅಮ್ಮಂದಿರು ಆ ವರ್ಷದ ಮಾತು ಬಂದರೆ ಸುಮ್ಮನಾಗುತ್ತಾರೆ.

ಈ ಕಥೆ ಯಾಕೆ ಹೇಳಿದೆವು ಅಂದರೆ, ಯಂತ್ರ ಬರುತ್ತದೆ, ಹೋಗುತ್ತದೆ. ಅದರ ಮುಂದೆ ಯಾವ ಮಗು ಕೂತಿತ್ತು, ಯಾವ ಮಗು ಹೊರಗೆ ನಿಂತಿತ್ತು ಎನ್ನುವುದನ್ನೂ ಕೇಳಬೇಕು.

ಟೀಚರ್ ಏನಂದರು

ಅಕ್ಕ ಮಾರನೆಯ ದಿನ ಶಾಲೆಗೆ ಹೋದರು. ಮೊದಲೆಲ್ಲ ಶಾಲೆಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಈ ಸಲ ಒಳಗೆ ಹೋಗಿ, ಹಗಲು ಕಾಣುವ ಅರ್ಧ ಚಂದ್ರನ ಮಾತು ಹೇಳಿದರು. ಟೀಚರ್ ಖುಷಿಪಟ್ಟರು. "ಇದನ್ನೇ ನಾಳೆ ತರಗತಿಯಲ್ಲಿ ಹೇಳಿಸ್ತೀನಿ. ತರಗತಿಯಲ್ಲಿ ಬಹಳ ಮಕ್ಕಳು ನೆರಳು ಅಂತಲೇ ಬರೆದಿದ್ದಾರೆ" ಅಂದರು. ನೋಡಿ, ನಮ್ಮ ಹುಡುಗಿ ಒಬ್ಬಳೇ ಅಲ್ಲ.

ಆ ಶಾಲೆಯ ಕಂಪ್ಯೂಟರಿನಲ್ಲಿ 'ಸ್ಟೆಲೇರಿಯಂ' ಎಂಬ ಒಂದು ಕಾರ್ಯಕ್ರಮ ಇದೆ. ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ನಮ್ಮ ಊರಿನ ಆಕಾಶ ಕಾಣುತ್ತದೆ. ಯಾವ ದಿನ ಬೇಕೋ ಆ ದಿನ, ಯಾವ ಹೊತ್ತು ಬೇಕೋ ಆ ಹೊತ್ತು. ಹೊತ್ತನ್ನು ಬೇಗ ಬೇಗ ಓಡಿಸಬಹುದು. ಒಂದು ತಿಂಗಳ ಚಂದ್ರ ಒಂದು ನಿಮಿಷದೊಳಗೆ ಹುಟ್ಟಿ ಬೆಳೆದು ಕರಗುತ್ತಾನೆ. ಮೋಡದ ಕಾಟ ಇಲ್ಲ. ಇದು ನಮ್ಮ ಕಣ್ಣಿಂದ ಆಗದ ಕೆಲಸ. ಇಂಥ ಕಡೆ ಯಂತ್ರಕ್ಕೆ ಕೈ ಮುಗಿಯಬೇಕು.

ಆದರೆ ಟೀಚರ್ ಮೊದಲು ಮಕ್ಕಳಿಗೆ ಕೇಳಿದರಂತೆ: "ನಾಳೆ ಸಂಜೆ ಏಳಕ್ಕೆ ಚಂದ್ರ ಎಲ್ಲಿರ್ತಾನೆ? ಬರೆದುಕೊಳ್ಳಿ." ಮಕ್ಕಳು ಬರೆದ ಮೇಲೆ ಕಂಪ್ಯೂಟರ್ ತೋರಿಸಿದರು. ಮಾರನೆಯ ಸಂಜೆ ಅಂಗಳದಲ್ಲಿ ನೋಡಿ ಬರಲು ಹೇಳಿದರು. ಮೊದಲು ಊಹೆ, ಆಮೇಲೆ ಯಂತ್ರ, ಆಮೇಲೆ ಆಕಾಶ. ಈ ಕ್ರಮ ನಮಗೆ ಬಹಳ ಹಿಡಿಸಿತು.

ಸಿಗ್ನಲ್ ಇಲ್ಲದೆಯೂ ಫೋನಿನಿಂದ ಇನ್ನೊಂದು ಕೆಲಸ ಆಗುತ್ತದೆ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಇಡಿ. ದಿನಾ ಬೆಳಗ್ಗೆ ಅದೇ ಜಾಗದಿಂದ ಒಂದು ಫೋಟೋ ತೆಗೆಯಿರಿ. ಏಳು ದಿನ ಆದ ಮೇಲೆ ಫೋಟೋಗಳನ್ನು ಬೆರಳಿನಿಂದ ಬೇಗ ಬೇಗ ಸರಿಸಿ. ಮೊಳಕೆ ನಿಮ್ಮ ಕಣ್ಣ ಮುಂದೆ ಏಳುತ್ತದೆ. ಬೇರು ಮೊದಲು ಬಂತೇ, ಎಲೆ ಮೊದಲು ಬಂತೇ ಎಂದು ಮಗುವನ್ನೇ ಕೇಳಿ.

ಚಂದ್ರನ ಮೇಲೆ ಬೆಳಗಾದಾಗ

ಅಕ್ಕನ ಮನೆಯವರಿಗೆ ಇದನ್ನೆಲ್ಲ ಹೇಳಿದರೆ ಏನಂದರು? "ಚಂದ್ರನ್ನ ತಗೊಂಡು ಏನು ಮಾಡ್ತೀರಿ?" ಅಂದರು. ಆಗ ನಾವು 2023ರ ಒಂದು ಸಂಜೆಯನ್ನು ನೆನಪಿಸಿದೆವು.

ಆಗಸ್ಟ್ 23. ನಾಗರ ಪಂಚಮಿ ಆಗಿ ಎರಡು ದಿನ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಎರಡು ದಿನ. ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ನಮ್ಮ ದೇಶದ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಿತು. ಚಂದ್ರನ ದಕ್ಷಿಣ ತುದಿಯ ಕಡೆಗೆ ಇಳಿಯಿತು. ಬೆಂಗಳೂರಿನಲ್ಲಿ ಕೂತವರು ಅದನ್ನು ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಊರಿದೆ. ಅಲ್ಲಿ 32 ಮೀಟರ್ ಅಗಲದ ದೊಡ್ಡ ತಟ್ಟೆಯಂಥ ಆಂಟೆನಾ ಇದೆ. ದೂರದ ನೌಕೆಗಳ ಜೊತೆ ಮಾತು ನಡೆಸುವುದಕ್ಕೆ ಅದು ಇರುವುದು. ನಾವು ಆ ಸಂಜೆ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ನೋಡಿದೆವು. ಇಳಿಯಿತು ಎಂದಾಗ ಪಕ್ಕದಲ್ಲಿದ್ದ ಅಜ್ಜಿ ನಮ್ಮ ಕೈ ಹಿಡಿದುಕೊಂಡರು.

ಆ ದಿನವೇ ಯಾಕೆ ಇಳಿಸಿದರು ಗೊತ್ತೇ? ನೌಕೆ ಸೂರ್ಯನ ಬೆಳಕಿನಿಂದ ಕೆಲಸ ಮಾಡುವಂಥದ್ದು. ಚಂದ್ರನ ಮೇಲೆ ಹಗಲು ಎಂದರೆ ನಮ್ಮ ಸುಮಾರು 14 ದಿನ. ರಾತ್ರಿಯೂ ಅಷ್ಟೇ. ನೌಕೆ ಇಳಿದ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಆಗ ಇಳಿದರೆ 14 ದಿನ ಬಿಸಿಲು ಸಿಗುತ್ತದೆ. ಶುಕ್ಲಪಕ್ಷದಲ್ಲಿ ಚಂದ್ರನ ಬೆಳಕು ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಯುವುದನ್ನು ನೀವು ನೋಡಿದ್ದೀರಿ. ಆ ಬೆಳಕಿನ ಅಂಚು ಎಲ್ಲಿದೆಯೋ ಅಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ ಎಂದು ಅರ್ಥ. ಅಂದರೆ ನಾವು ಅಂಗಳದಲ್ಲಿ ನಿಂತು ನೋಡುವುದು ಚಂದ್ರನ ಬೆಳಗನ್ನು! ಸೆಪ್ಟೆಂಬರ್ ಮೊದಲಲ್ಲಿ ಅಲ್ಲಿ ಕತ್ತಲಾಗುವ ಹೊತ್ತು ಬಂತು. ನೌಕೆಯನ್ನು ಮಲಗಿಸಿದರು. ಆ ಚಳಿಗೆ ಅದು ಮತ್ತೆ ಏಳಲಿಲ್ಲ.

ಈ ಕೆಲಸದಲ್ಲಿ ಉಪ ಯೋಜನಾ ನಿರ್ದೇಶಕಿ ಆಗಿದ್ದವರು ಕಲ್ಪನಾ ಎಂಬ ಹೆಣ್ಣುಮಗಳು. ಅದಕ್ಕೆ ಮೊದಲು ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕಿ ವನಿತಾ, ಕಾರ್ಯಾಚರಣೆಯ ನಿರ್ದೇಶಕಿ ರಿತು ಕರಿಧಾಲ್. 2019ರ ಸೆಪ್ಟೆಂಬರ್ 7ರಂದು ಆ ಸಲದ ನೌಕೆ ಇಳಿಯುವಾಗ ಬಿದ್ದು ಹೋಗಿತ್ತು. ಯಾರೂ ಅವರ ಕೈಯಿಂದ ಕಂಪ್ಯೂಟರ್ ಕಿತ್ತುಕೊಳ್ಳಲಿಲ್ಲ. ಎಲ್ಲಿ ತಪ್ಪಾಯಿತು ಎಂದು ಕೂತು ನೋಡಿದರು. ನಾಲ್ಕು ವರ್ಷದ ಮೇಲೆ ಮತ್ತೆ ಕಳಿಸಿದರು.

ಅಕ್ಕನ ಮನೆಯವರು ಇದಕ್ಕೆ ಏನೂ ಹೇಳಲಿಲ್ಲ. ತಲೆ ಕೆರೆದುಕೊಂಡರು. ಅವರು ಅವತ್ತೇ ಬದಲಾದರು ಎಂದು ನಾವು ಬರೆಯುವುದಿಲ್ಲ. ಆಗಿದ್ದು ಇಷ್ಟು. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಫೋನು ಮಗಳಿಗೆ. ಪಕ್ಕದಲ್ಲಿ ಅಮ್ಮ ಕೂರಬೇಕು. ಈ ಷರತ್ತು ಹಾಕಿದ್ದು ಮಗಳ ಮೇಲೆ ನಂಬಿಕೆ ಇಲ್ಲದೆ. ಆದರೆ ಅದರಿಂದ ಅಕ್ಕನಿಗೇ ಲಾಭ ಆಯಿತು. ವಿಡಿಯೋದ ಕೆಳಗೆ ಬರುವ ಕನ್ನಡ ಸಾಲನ್ನು ಈಗ ಅವರು ಗಟ್ಟಿಯಾಗಿ ಓದುತ್ತಾರೆ. ಸಾಲು ಬೇಗ ಹೋಗಿಬಿಟ್ಟರೆ ಮಗಳು ನಿಲ್ಲಿಸುತ್ತಾಳೆ. ಅವಳಿಗೆ ಕೋಪ ಬರುವುದೂ ಉಂಟು. "ಬೇಗ ಓದಮ್ಮ" ಅನ್ನುತ್ತಾಳೆ. ಅಮ್ಮ ಬೇಗ ಓದಲು ನೋಡುತ್ತಾರೆ. ಗೊತ್ತಾಗದ್ದು ಬಂದರೆ ಇಬ್ಬರೂ ಒಂದು ಚೀಟಿಯಲ್ಲಿ ಬರೆದು ಟೀಚರಿಗೆ ಕಳಿಸುತ್ತಾರೆ.

ಗಂಡುಮಗ ಫೋನ್ ಕೇಳಿದಾಗ ಅಕ್ಕ ಈಗ ಒಂದು ಮಾತು ಕೇಳುತ್ತಾರಂತೆ: "ಏನು ನೋಡ್ತೀಯ? ನನಗೂ ತೋರ್ಸು."

ಅಭ್ಯಾಸ

ನೀವೂ ಒಂದು ಹಾಳೆಯಲ್ಲಿ ಗೆರೆ ಹಾಕಿ. ಅಮಾವಾಸ್ಯೆಯ ಮಾರನೆಯ ದಿನದಿಂದ ಶುರು ಮಾಡಿ. ದಿನಾ ಸಂಜೆ ಚಂದ್ರ ಯಾವ ದಿಕ್ಕಿಗೆ ಇದ್ದ, ಎಷ್ಟು ಕಂಡ ಎಂದು ಬರೆಯಿರಿ. ಚಿತ್ರವನ್ನೂ ಬರೆಯಿರಿ. ಹುಣ್ಣಿಮೆ ಆದ ಮೇಲೆ ಚಂದ್ರ ತಡವಾಗಿ ಹುಟ್ಟುತ್ತಾನೆ. ಆಗ ಬೆಳಗ್ಗೆ ನೋಡಿ. ಮೋಡ ಇದ್ದರೆ ಮೋಡ ಎಂದೇ ಬರೆಯಿರಿ. ಕಾಣದ್ದನ್ನು ಕಂಡೆ ಎಂದು ಬರೆಯಬೇಡಿ.

ನಮ್ಮ ಅಕ್ಕ ಗಣೇಶನ ಹಬ್ಬದ ಹಿಂದಿನ ಅಮಾವಾಸ್ಯೆಯಿಂದ ಬರೆಯಲು ಶುರು ಮಾಡಿದರು. ಅವರ ಹಾಳೆಯನ್ನು ಅವರು ಬರೆದ ಹಾಗೇ ಇಲ್ಲಿ ಕೊಟ್ಟಿದ್ದೇವೆ. ಓದಿ.

ಪಾಡ್ಯ. ಕಾಣಲಿಲ್ಲ.

ಬಿದಿಗೆ. ಪಡುವಣ. ಉಗುರಿನ ಹಂಗೆ. ಬೇಗ ಮುಳುಗಿದ.

ತದಿಗೆ. ಗೌರಿ ಹಬ್ಬ. ಕೆಲಸ. ಮರೆತೆ.

ಚೌತಿ. ಅತ್ತೆ ನೋಡಬೇಡ ಅಂದರು. ಮಗಳು ನೋಡಿ ಬಂದು ಹೇಳಿದಳು. ಬರೆದುಕೊಂಡೆ.

ಪಂಚಮಿ. ಮೋಡ.

ಷಷ್ಠಿ. ಮೋಡ. ಮಳೆ.

ಸಪ್ತಮಿ. ದಕ್ಷಿಣಕ್ಕೆ, ಮೇಲೆ. ಅರ್ಧಕ್ಕೆ ಸ್ವಲ್ಪ ಕಮ್ಮಿ. ಇವರೂ ಹೊರಗೆ ಬಂದು ನೋಡಿದರು.